ಹಳೇ ಹಗುರ ಸೈಕಲ್ ಕಟ್ಟಲು ನಾಲ್ಕು ದಾರಿ: ನಿಮಗೆ ಹೊಂದುವುದು ಯಾವುದು?

ಒಂದು ಹಳೇ ರೇಸಿಂಗ್ ಫ್ರೇಮ್ ಸಿಕ್ಕಿದೆ. ಜೊತೆಗೆ ಡಬ್ಬಿ ತುಂಬ ಬಿಡಿಭಾಗ ಇವೆ: ಜೋಡಿಯಿಲ್ಲದ ಬ್ರೇಕು, ಯಾವ ಕಾಲದ್ದೋ ಗೊತ್ತಿಲ್ಲದ ಕ್ರ್ಯಾಂಕು (ಪೆಡಲ್ ಹಿಡಿಯುವ ತೋಳು), ಎರಡು ಮೂರು ಡಿರೇಲರ್ (ಗೇರು ಬದಲಿಸಲು ಚೈನನ್ನು ಒಂದು ಹಲ್ಲುಗಾಲಿಯಿಂದ ಇನ್ನೊಂದಕ್ಕೆ ಸರಿಸುವ ಭಾಗ). ಇದನ್ನೆಲ್ಲ ಸೇರಿಸಿ ಓಡುವ ಸೈಕಲ್ ಮಾಡಬೇಕು. ಫ್ರೇಮಿನ ಇಸವಿಗೆ ಹೊಂದುವ ಭಾಗವನ್ನೇ ಹಾಕಿ ಅನ್ನುವವರು ಒಂದು ಕಡೆ, ಹೊಸ ಗೇರು ಹೊಸ ಬ್ರೇಕು ಹಾಕಿ ಆರಾಮಾಗಿ ಓಡಿಸಿ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತೂ ಕೇಳಿ, ಫ್ರೇಮನ್ನು ಗೋಡೆಗೆ ನೇತುಹಾಕಿ, ಸುಮ್ನೆ ಕೂತವರೇ ಜಾಸ್ತಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಡಬ್ಬಿಯಲ್ಲಿ ಯಾವ ಭಾಗ ಚೆಂದ ಇದೆ ಅಂತ ನೋಡಿ ದಾರಿ ಆರಿಸಬೇಡಿ. ಫ್ರೇಮಿನ ಥ್ರೆಡ್ (ತಿರುಪಿನ ಸುತ್ತು) ಯಾವುದು, ನೀವು ಹತ್ತಬೇಕಾದ ಏರು ಎಷ್ಟು ಕಡಿದು, ಈ ಎರಡನ್ನು ಮೊದಲು ತಿಳಿದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಈ ಸೈಕಲ್ ಯಾವುದಕ್ಕೆ? ಭಾನುವಾರ ಬೆಳಿಗ್ಗೆ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹೋಗಲಿಕ್ಕಾ, ದಿನಾ ಕೆಲಸಕ್ಕಾ, ಇಡೀ ದಿನದ ಸವಾರಿಗಾ? ದಿನಾ ಓಡಿಸುವವರಿಗೆ ಬ್ರೇಕು, ಟೈರು ಮುಖ್ಯ. ಪ್ರದರ್ಶನಕ್ಕೆ ಇಡುವವರಿಗೆ ಕೇಬಲ್ಲಿನ ಕ್ಲಿಪ್ಪು ಕೂಡ ಆ ಕಾಲದ್ದೇ ಆಗಬೇಕು.

ಏರು ಎಷ್ಟು? ಹಳೇ ರೇಸ್ ಸೈಕಲ್‌ಗಳ ಗೇರು ಕಾಲು ಗಟ್ಟಿ ಇದ್ದವರಿಗೆ ಮಾಡಿದ್ದು. ಮುಂದೆ 52-42, ಹಿಂದೆ 14ರಿಂದ 24 ಹಲ್ಲು ಅನ್ನುವುದು ಮಾಮೂಲಿ ಜೋಡಣೆ. ಅತಿ ಹಗುರ ಗೇರು 42 ಭಾಗಿಸು 24, ಅಂದರೆ 1.75. ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಒಂದೂಮುಕ್ಕಾಲು ಸುತ್ತು. ಕಡಿದಾದ ಏರಿನಲ್ಲಿ ಇದು ಮಂಡಿ ಹಿಂಡುತ್ತದೆ. 1.2ರ ಹತ್ತಿರ ಬಂದರೆ ಉಸಿರಾಡಬಹುದು, 1 ಆದರೆ ಗಂಟು ಮೂಟೆ ಹೊತ್ತುಕೊಂಡೂ ಹತ್ತಬಹುದು.

ನಿಮ್ಮ ಹತ್ತಿರ ಜಾಸ್ತಿ ಇರುವುದು ಸಮಯವಾ, ದುಡ್ಡಾ? ಎರಡೂ ಇಲ್ಲದಿದ್ದರೂ ಸೈಕಲ್ ಆಗುತ್ತದೆ, ಆದರೆ ಹಟ ಕಡಿಮೆ ಇರಬೇಕು.

ಕೊನೆಯದಾಗಿ, ಮಾಡಿದ ಬದಲಾವಣೆಯನ್ನು ಮತ್ತೆ ಹಿಂದಕ್ಕೆ ತರಬಹುದಾ? ಭಾಗ ಬಿಚ್ಚಿ ಬೇರೆ ಹಾಕಿದರೆ ನಾಳೆ ವಾಪಸ್ ಹಾಕಬಹುದು. ಫ್ರೇಮಿಗೆ ತೂತು ಕೊರೆದರೆ, ಥ್ರೆಡ್ ಕೆತ್ತಿ ಬದಲಿಸಿದರೆ, ಹಳೇ ಬಣ್ಣ ಕಿತ್ತರೆ ಮುಗಿಯಿತು.

ಫ್ರೇಮನ್ನು ಅಳೆಯಿರಿ

ಇದನ್ನು ಬಿಟ್ಟು ಭಾಗ ಕೊಳ್ಳಲು ಹೋಗಬೇಡಿ. ಒಂದು ವರ್ನಿಯರ್ ಕ್ಯಾಲಿಪರ್ ಸಾಕು.

ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕಿನ ಆಕ್ಸಲ್ ಕೂರುವ ಜಾಗ, ಅಲ್ಲಿಂದ ಶುರು ಮಾಡಿ. ಇಂಗ್ಲಿಷ್ ಥ್ರೆಡ್ 1.37 ಇಂಚು, ಇಂಚಿಗೆ 24 ಸುತ್ತು, ಆ ಜಾಗದ ಕೊಳವೆಯ, ಅಂದರೆ ಶೆಲ್ಲಿನ, ಅಗಲ 68 ಮಿ.ಮೀ., ಬಲಗಡೆಯ ಕಪ್‌ಗೆ (ಬೇರಿಂಗ್ ಕೂರುವ ಬಟ್ಟಲಿಗೆ) ಉಲ್ಟಾ ಥ್ರೆಡ್. ಇಟಾಲಿಯನ್ ಆದರೆ 36 ಮಿ.ಮೀ., ಇಂಚಿಗೆ 24, ಅಗಲ 70, ಎರಡೂ ಕಡೆ ಮಾಮೂಲಿ ಥ್ರೆಡ್. ಫ್ರೆಂಚ್ 35 ಮಿ.ಮೀ., ಸುತ್ತುಗಳ ಅಂತರ 1 ಮಿ.ಮೀ., ಇದೂ ಎರಡೂ ಕಡೆ ಮಾಮೂಲಿ. ಸ್ವಿಸ್ ಅಂತ ಇನ್ನೊಂದಿದೆ: ಅಳತೆ ಫ್ರೆಂಚಿನದು, ಬಲಗಡೆ ಮಾತ್ರ ಇಂಗ್ಲಿಷ್ ಥರ ಉಲ್ಟಾ. ಸಾಲದು ಅಂತ ರ‍್ಯಾಲಿ ಕಂಪನಿ ತನ್ನ ಅನೇಕ ಸೈಕಲ್‌ಗಳಿಗೆ ಇಂಚಿಗೆ 26 ಸುತ್ತಿನ ಸ್ವಂತ ಥ್ರೆಡ್ ಹಾಕಿತ್ತು. ಹಳೇ ಕಪ್ ಇನ್ನೂ ಒಳಗಿದ್ದರೆ ಅದೃಷ್ಟ, ಅದರ ಮೇಲೆ 35x1 ಅಥವಾ 36x24 ಅಂತ ಕೊರೆದಿರುವುದುಂಟು. ಇಲ್ಲದಿದ್ದರೆ ಅಗಲ, ಒಳ ಅಳತೆ ಮತ್ತು ಥ್ರೆಡ್ ತಿರುಗುವ ದಿಕ್ಕು, ಮೂರನ್ನೂ ನೋಡಿ ತೀರ್ಮಾನಿಸಿ.

ಇಂಗ್ಲಿಷ್ ಥ್ರೆಡ್ ಅಂತಾದರೆ ಮುಂದೆ ಹೇಳುವ ನಾಲ್ಕೂ ದಾರಿ ನಿಮಗೆ ತೆರೆದಿವೆ. ಇಟಾಲಿಯನ್ ಆದರೂ ಪರವಾಗಿಲ್ಲ, ಹೊಸ ಭಾಗ ಇನ್ನೂ ಬರುತ್ತವೆ. ಫ್ರೆಂಚ್ ಅಥವಾ ಸ್ವಿಸ್ ಆದರೆ ಸ್ವಲ್ಪ ತಾಳ್ಮೆ ಬೇಕು. ಫ್ರೆಂಚ್ ಸೈಕಲ್ಲಿನಲ್ಲಿ ಬರೀ ಬ್ರಾಕೆಟ್ ಅಲ್ಲ, ಎಲ್ಲವೂ ಕೂದಲೆಳೆಯಷ್ಟು ಬೇರೆ. ಹ್ಯಾಂಡಲ್ಲನ್ನು ಫೋರ್ಕಿಗೆ ಹಿಡಿಸುವ ಸ್ಟೆಮ್ಮು 22.2 ಮಿ.ಮೀ. ಬದಲು 22.0. ಫೋರ್ಕಿನ (ಮುಂದಿನ ಚಕ್ರ ಹಿಡಿಯುವ ಕವಲಿನ) ಥ್ರೆಡ್ಡು 25 ಮಿ.ಮೀ., ಸುತ್ತುಗಳ ಅಂತರ 1 ಮಿ.ಮೀ. ಪೆಡಲ್ 9/16 ಇಂಚಿನ ಬದಲು 14 ಮಿ.ಮೀ. ಬೇರೆ ಪೆಡಲನ್ನು ಬಲವಂತವಾಗಿ ತುರುಕಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ ಕಿತ್ತುಬರುತ್ತದೆ. ಹಾಗಂತ ಫ್ರೆಂಚ್ ಫ್ರೇಮ್ ಬಿಡಬೇಡಿ. ಬೇಡಿಕೆ ಕಡಿಮೆ ಇರುವುದರಿಂದ ಒಳ್ಳೇ ಫ್ರೇಮ್ ಅಗ್ಗಕ್ಕೆ ಸಿಗುವುದು ಇಲ್ಲೇ. ಇಡೀ ಸೈಕಲ್ಲಾಗಿ ಸಿಕ್ಕರೆ ಇನ್ನೂ ಒಳ್ಳೆಯದು.

ಸೀಟ್ ಪೋಸ್ಟಿನ ಅಳತೆ ಒಂದು ಗುಟ್ಟು ಬಿಟ್ಟುಕೊಡುತ್ತದೆ. ಇಂಗ್ಲಿಷ್ ಅಥವಾ ಇಟಾಲಿಯನ್ ಅಳತೆಯ ಫ್ರೇಮಿಗೆ 27.2 ಮಿ.ಮೀ. ಪೋಸ್ಟ್ ಸಲೀಸಾಗಿ ಇಳಿದರೆ ಕೊಳವೆ ತೆಳು ಅಂತ ಅರ್ಥ, ಬಹುತೇಕ ರೆನಾಲ್ಡ್ಸ್ 531 ಅಥವಾ ಕೊಲಂಬಸ್ ಎಸ್‌ಎಲ್‌ನಂಥ ಒಳ್ಳೇ ಕೊಳವೆ. ಪೋಸ್ಟ್ ಸಣ್ಣದಾದಷ್ಟೂ ಕೊಳವೆಯ ಗೋಡೆ ದಪ್ಪ. ಫ್ರೆಂಚ್ ಅಳತೆಯ 531ಕ್ಕೆ ಮಾತ್ರ ಈ ಲೆಕ್ಕ ಬೇರೆ, ಅದರ ಹೊರ ಅಳತೆಯೇ ಕಡಿಮೆ ಇರುವುದರಿಂದ 26.4 ಅಂದರೂ ಒಳ್ಳೆಯದೇ. 531 ಬಂದದ್ದು 1935ರಲ್ಲಿ, ದಶಕಗಟ್ಟಲೆ ನಡೆಯಿತು. ಹಾಗಾಗಿ ಸ್ಟಿಕ್ಕರ್ ನೋಡಿ ಇಸವಿ ಹೇಳಲಾಗದು. ಸ್ಟಿಕ್ಕರನ್ನು ಪೂರ್ತಿ ಓದಿ ಕೂಡ. ಕೆಲವು ಫ್ರೇಮಿನಲ್ಲಿ ಮೂರು ಮುಖ್ಯ ಕೊಳವೆ ಮಾತ್ರ 531, ಫೋರ್ಕು ಮತ್ತು ಹಿಂದಿನ ಚಕ್ರ ಹಿಡಿಯುವ ಕೊಳವೆಗಳು ಮಾಮೂಲಿ ಉಕ್ಕು.

ಹಿಂದಿನ ಚಕ್ರ ಕೂರುವ ಜಾಗದ ಅಗಲವನ್ನೂ ಅಳೆಯಿರಿ. ಹಿಂದಿನ ಚಕ್ರದಲ್ಲಿ 5 ಗೇರು ಇದ್ದ ಕಾಲದ್ದು 120 ಮಿ.ಮೀ., 6-7 ಗೇರಿನದು 126, ಆಮೇಲೆ ಬಂದದ್ದು 130.

ಇನ್ನು ಫ್ರೇಮು ಸರಿ ಇದೆಯಾ ನೋಡಿ. ಹೆಡ್ ಟ್ಯೂಬಿನ (ಫೋರ್ಕು ಹಾದುಹೋಗುವ ಮುಂದಿನ ಗಿಡ್ಡ ಕೊಳವೆಯ) ಹಿಂದೆ, ಕೆಳಗಿನ ಕೊಳವೆಯ ಅಡಿಯಲ್ಲಿ ಬೆರಳಾಡಿಸಿ. ಅಲೆಯಂಥ ಉಬ್ಬು ಸಿಕ್ಕರೆ ಎಲ್ಲೋ ಮುಂದಿನಿಂದ ಗುದ್ದಿದೆ, ಬಿಟ್ಟುಬಿಡಿ. ಸೀಟ್ ಪೋಸ್ಟು, ಸ್ಟೆಮ್ಮು ಅಲುಗಾಡುತ್ತವಾ ನೋಡಿ. ಉಕ್ಕಿನೊಳಗೆ ಅಲ್ಯೂಮಿನಿಯಂ ಕಚ್ಚಿಕೊಂಡರೆ ಬಿಡಿಸುವುದು ಸಾಮಾನ್ಯ ಕೆಲಸವಲ್ಲ. ನಿಮ್ಮ ಅಳತೆಗೆ ಸರಿಯಾದ ಫ್ರೇಮೇ ಅಲ್ವಾ ಅನ್ನುವುದನ್ನೂ ಮರೆಯಬೇಡಿ. ಇಟಲಿಯವರು ಸಾಮಾನ್ಯವಾಗಿ ಬಾಟಮ್ ಬ್ರಾಕೆಟ್ಟಿನ ನಡುವಿನಿಂದ ಮೇಲಿನ ಕೊಳವೆಯ ನಡುವಿಗೆ ಅಳೆಯುತ್ತಾರೆ, ಇಂಗ್ಲಿಷರು ಸೀಟ್ ಕೊಳವೆಯ ತುದಿಯವರೆಗೆ. ಹಾಗಾಗಿ ಒಂದೇ ಸಂಖ್ಯೆ ಹೇಳಿದರೂ ಎರಡು ಫ್ರೇಮು ಒಂದೇ ಅಳತೆ ಇರುವುದಿಲ್ಲ.

ದಾರಿ ಒಂದು: ಇಸವಿ ತಪ್ಪದ ಸೈಕಲ್

ಫ್ರೇಮು 1972ರದ್ದಾದರೆ ಭಾಗವೂ 1972ರ ಆಚೀಚೆಯವೇ. ನೋಡಲು ಇದಕ್ಕೆ ಸಮಾನ ಇಲ್ಲ. ಇಟಲಿಯ ಕ್ಯಾಂಪಾಗ್ನೋಲೊ ಕಂಪನಿಯ ನ್ಯೂವೊ ರೆಕಾರ್ಡ್ ಡಿರೇಲರ್ (1967ರಲ್ಲಿ ಬಂದದ್ದು), ಅದೇ ಕಂಪನಿಯ ಕ್ರ್ಯಾಂಕು, ಚಕ್ರದ ನಡುವಿನ ಹಬ್ಬು, ಬ್ರೂಕ್ಸ್ ಚರ್ಮದ ಸೀಟು, ರಿಮ್ಮಿಗೆ ಅಂಟಿಸುವ ತೆಳ್ಳಗಿನ ಟ್ಯೂಬುಲರ್ ಟೈರು. ನಿಂತಲ್ಲೇ ನೋಡುತ್ತ ಇರಬಹುದು.

ಓಡಿಸಲು ಹೋದಾಗ ಲೆಕ್ಕ ಬೇರೆ. ಆ ಡಿರೇಲರ್ 26 ಹಲ್ಲಿನ ಆಚೆ ತಿಣುಕುತ್ತದೆ. ಆ ಕ್ರ್ಯಾಂಕಿನ ಬೋಲ್ಟ್ ವರ್ತುಲ (ಚೈನ್‌ವೀಲ್ ಹಿಡಿಯುವ ಬೋಲ್ಟುಗಳು ಕೂರುವ ವೃತ್ತದ ವ್ಯಾಸ) 144 ಮಿ.ಮೀ., ಅದಕ್ಕೆ 41 ಹಲ್ಲಿಗಿಂತ ಸಣ್ಣ ಚೈನ್‌ವೀಲ್, ಅಂದರೆ ಮುಂದಿನ ಹಲ್ಲುಗಾಲಿ, ಕೂರುವುದಿಲ್ಲ. ಎರಡೂ ಮಿತಿ ಮುಟ್ಟಿದರೂ 41 ಭಾಗಿಸು 26, ಅಂದರೆ 1.58. ಗುಡ್ಡದ ಊರಿನವರು ಇಲ್ಲೇ ನಿಲ್ಲಬೇಕು. ಅದೇ ಕಾಲದ, ಅದೇ ಅಂದದ ಬೇರೆ ಕ್ರ್ಯಾಂಕು ಬೇಕಾದರೆ ಟಿಎ ಎಂಬ ಫ್ರೆಂಚ್ ಕಂಪನಿಯ ಸಿಕ್ಲೊಟೂರಿಸ್ಟ್ ಇದೆ. ಅದಕ್ಕೆ 26 ಹಲ್ಲಿನ ಸಣ್ಣ ಚೈನ್‌ವೀಲ್ ಕೂಡ ಹಿಡಿಸುತ್ತದೆ. ರೇಸಿನವರು ಮೂಗು ಮುರಿದರೂ ಇಸವಿಗೆ ಮೋಸವಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಇದು ನಾಲ್ಕರಲ್ಲಿ ದುಬಾರಿ. ದೊಡ್ಡ ಭಾಗಕ್ಕಿಂತ ಸಣ್ಣವೇ ತಲೆನೋವು: ಕ್ರ್ಯಾಂಕಿನ ಧೂಳು ಮುಚ್ಚಳ, ಸರಿಯಾದ ಬೋಲ್ಟು, ಬ್ರೇಕ್ ಲಿವರಿನ ರಬ್ಬರು. ಒಂದೊಂದೇ ಹುಡುಕಿ ಕೊಳ್ಳುವುದಕ್ಕಿಂತ ಅದೇ ಭಾಗಗಳಿರುವ ಕೆಟ್ಟ ಸೈಕಲ್ ಒಂದನ್ನು ಇಡಿಯಾಗಿ ಕೊಂಡು ಬಿಚ್ಚುವುದು ಎಷ್ಟೋ ಸಲ ಅಗ್ಗ. ಉಳಿದದ್ದನ್ನು ಮಾರಬಹುದು ಕೂಡ.

ಒಂದು ಎಚ್ಚರಿಕೆ. ಹಳೇ ಅಲ್ಯೂಮಿನಿಯಂ ದಣಿಯುತ್ತದೆ. ಹ್ಯಾಂಡಲ್ಲು, ಸ್ಟೆಮ್ಮು, ಕ್ರ್ಯಾಂಕಿನ ತೋಳುಗಳು ಕೂಡುವ ಮೂಲೆ, ಇವನ್ನು ಚೆನ್ನಾಗಿ ಒರೆಸಿ, ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಕೂದಲಿನಂಥ ಗೆರೆ ಕಂಡರೆ ಅದು ಗೀರೋ ಬಿರುಕೋ ಅಂತ ಚರ್ಚೆ ಬೇಡ, ಗಾಜಿನ ಬೀರುವಿನಲ್ಲಿಡಿ. 1960ರ ದಶಕದ ಡೆಲ್ರಿನ್ ಪ್ಲಾಸ್ಟಿಕ್‌ನ ಫ್ರೆಂಚ್ ಸಿಂಪ್ಲೆಕ್ಸ್ ಡಿರೇಲರ್‌ಗಳೂ ವಯಸ್ಸಾದಂತೆ ಬಿರಿಯುತ್ತವೆ. ಕೇಬಲ್ಲು, ಬ್ರೇಕ್ ರಬ್ಬರು, ಟೈರು, ಇವು ಮೂರು ಎಷ್ಟೇ ಇಸವಿ ಭಕ್ತರಾದರೂ ಹೊಸದೇ ಇರಲಿ.

ದಾರಿ ಎರಡು: ಬೆರಕೆ

ಬಹುಪಾಲು ಜನರಿಗೆ ನಾನು ಹೇಳುವುದು ಇದನ್ನೇ. ಇಸವಿ ಹತ್ತಿಪ್ಪತ್ತು ವರ್ಷ ಆಚೀಚೆ ಆಗಲಿ, ಕಂಪನಿ ಯಾವುದಾದರೂ ಆಗಲಿ, ಕೆಲಸ ಮಾಡುವ ಹಳೇ ಭಾಗ ಸೇರಿಸಿ ಕಟ್ಟುವುದು. ಹಳೇ ಕಾಲದ ಕ್ಲಬ್ ಸವಾರರೂ ಮಾಡುತ್ತಿದ್ದದ್ದು ಹೀಗೇ. ಫ್ರೇಮ್ ಒಂದು ಕಡೆ ಮಾಡಿಸಿ, ಭಾಗ ಕೈಗೆಟುಕಿದಂತೆ ಹಾಕಿ, ಹಳೇ ಸೈಕಲ್ಲಿನಿಂದ ಚಕ್ರ ಕಿತ್ತು ಇದಕ್ಕೆ ಹಾಕಿ ಓಡಿಸುತ್ತಿದ್ದರು. ಹಾಗಾಗಿ ಬೆರಕೆ ಸೈಕಲ್ ಸುಳ್ಳು ಸೈಕಲ್ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇದು ಸಾಧ್ಯವಾಗುವುದಕ್ಕೆ ಕಾರಣ ಹಳೇ ಗೇರ್ ಲಿವರ್. ಅದಕ್ಕೆ ಟಿಕ್ ಟಿಕ್ ಅನ್ನುವ ನಿಲುಗಡೆ ಇಲ್ಲ. ಎಷ್ಟು ಎಳೆಯಬೇಕೋ ಅಷ್ಟು ನೀವೇ ಎಳೆಯುತ್ತೀರಿ. ಆದ್ದರಿಂದ ಒಬ್ಬರ ಲಿವರು, ಇನ್ನೊಬ್ಬರ ಡಿರೇಲರು, ಮತ್ತೊಬ್ಬರ ಫ್ರೀವೀಲು (ಹಿಂದಿನ ಹಬ್ಬಿಗೆ ತಿರುಪಿ ಹಾಕುವ ಹಲ್ಲುಗಾಲಿಗಳ ಗೊಂಚಲು) ಸೇರಿದರೂ ಜಗಳವಿಲ್ಲ. 1984ರಲ್ಲಿ ಶಿಮಾನೊ ಡ್ಯುರಾ-ಏಸ್‌ನಲ್ಲಿ ನಿಲುಗಡೆಯ ಗೇರು ಬಂತು. ಅಂಥ ಗೇರಿಗೆ ಲಿವರು, ಡಿರೇಲರು, ಹಲ್ಲುಗಳ ಅಂತರ ಎಲ್ಲ ಒಂದಕ್ಕೊಂದು ಹೊಂದಲೇಬೇಕು.

ಇಲ್ಲಿ ನನ್ನ ಮೆಚ್ಚಿನ ಭಾಗ ಜಪಾನಿನ ಸನ್‌ಟೂರ್ ಕಂಪನಿಯ ಡಿರೇಲರ್. 1964ರಲ್ಲೇ ಅವರು ಓರೆ ಚೌಕಟ್ಟಿನ ಡಿರೇಲರ್ ಮಾಡಿದರು. ಅದು ಸಣ್ಣ ಹಲ್ಲಿನಿಂದ ದೊಡ್ಡ ಹಲ್ಲಿಗೆ ಹೋಗುವಾಗ ಹಲ್ಲಿನ ಇಳಿಜಾರಿನ ಜೊತೆಗೇ ಸರಿಯುತ್ತದೆ, ಹಾಗಾಗಿ ಗೇರು ಬೇಗ ಬೀಳುತ್ತದೆ. ಹೆಸರಿಗೆ ಇಟಾಲಿಯನ್ ಭಾಗಗಳ ಗತ್ತು ಇಲ್ಲ, ಆದ್ದರಿಂದ ದರದಲ್ಲೂ ಆ ಗತ್ತಿಲ್ಲ. ಕೆಲಸದಲ್ಲಿ ಮಾತ್ರ ಒಂದು ಕೈ ಮೇಲೆ. ಇದರ ಜೊತೆ 110 ಮಿ.ಮೀ. ಬೋಲ್ಟ್ ವರ್ತುಲದ ಕ್ರ್ಯಾಂಕು ಸಿಕ್ಕರೆ ಮುಂದೆ 34 ಹಲ್ಲು, ಹಿಂದೆ 28 ಹಾಕಿ, 1.21 ಆಯಿತು. ಏರಿನ ಚಿಂತೆ ಬಹುಮಟ್ಟಿಗೆ ಹೋಯಿತು.

ಫ್ರೀವೀಲ್ ಕೊಳ್ಳುವಾಗ ಅದನ್ನು ಬಿಚ್ಚುವ ಉಪಕರಣ ಯಾವುದು ಅಂತ ನೋಡಿಕೊಂಡೇ ಕೊಳ್ಳಿ. ಒಬ್ಬೊಬ್ಬರದು ಒಂದೊಂದು ಆಕಾರ. ಹಳೇ ಚಕ್ರ ಬಿಚ್ಚುವಾಗ ಫ್ರೀವೀಲ್ ತೆಗೆಯುವ ಮುಂಚೆ ಚಕ್ರದ ಕಡ್ಡಿ ಕತ್ತರಿಸಬೇಡಿ. ಹಿಡಿದು ತಿರುಗಿಸಲು ರಿಮ್ಮೇ ಇಲ್ಲದಿದ್ದರೆ ಹಬ್ಬಿನಿಂದ ಅದನ್ನು ಬಿಡಿಸುವುದು ನರಕ. ಕ್ರ್ಯಾಂಕ್ ಎಳೆಯುವ ಉಪಕರಣಕ್ಕೂ ಇದೇ ಮಾತು. ಮಾಮೂಲಿ 22 ಮಿ.ಮೀ., ಟಿಎಯದ್ದು 23, ಸ್ಟ್ರಾಂಗ್‌ಲೈಟ್‌ನ ಹಳೆಯವು 23.35. ಸಣ್ಣದನ್ನು ದೊಡ್ಡದಕ್ಕೆ ಹಾಕಿ ಎಳೆದರೆ ಕ್ರ್ಯಾಂಕಿನ ಥ್ರೆಡ್ಡೇ ಕೈಗೆ ಬರುತ್ತದೆ.

ಬೆರಕೆಯ ತೊಂದರೆ ಅಂದರೆ ಸಣ್ಣ ಹೊಂದಾಣಿಕೆಗಳು. 25.4 ಮಿ.ಮೀ. ಸ್ಟೆಮ್ಮಿಗೆ 25.0ರ ಫ್ರೆಂಚ್ ಹ್ಯಾಂಡಲ್ ಹಾಕಿದರೆ ಎಷ್ಟು ಬಿಗಿದರೂ ಜಾರುತ್ತದೆ, 26.0ರ ಇಟಾಲಿಯನ್ ಹ್ಯಾಂಡಲ್ ಒಳಗೇ ಹೋಗುವುದಿಲ್ಲ. ಕ್ರ್ಯಾಂಕು ಮತ್ತು ಆಕ್ಸಲ್ ಎರಡೂ ಚೌಕಾಕಾರದ್ದಾದರೂ ಕ್ಯಾಂಪಾಗ್ನೋಲೊ ಅಳತೆ ಬೇರೆ, ಜಪಾನಿನ ಅಳತೆ ಬೇರೆ. ಸಾಧ್ಯವಾದರೆ ಕ್ರ್ಯಾಂಕು ಮತ್ತು ಆಕ್ಸಲನ್ನು ಜೋಡಿಯಾಗಿಯೇ ಕೊಳ್ಳಿ, ಚೈನಿನ ಗೆರೆಯೂ ನೇರ ಬರುತ್ತದೆ.

ದಾರಿ ಮೂರು: ಹಳೇ ಫ್ರೇಮು, ಹೊಸ ಭಾಗ

ದಿನಾ ಓಡಿಸುವವರಿಗೆ, ಕೈಯಿಂದ ಗೇರು ಹುಡುಕುವ ತಾಳ್ಮೆ ಇಲ್ಲದವರಿಗೆ ಇದು ಸರಿ. ಹೊಸ ಬ್ರೇಕು ನಿಜಕ್ಕೂ ಚೆನ್ನಾಗಿ ಹಿಡಿಯುತ್ತದೆ, ಇದರಲ್ಲಿ ಎರಡು ಮಾತಿಲ್ಲ. ಹೊಸ ಚಕ್ರಗಳ ಕ್ಯಾಸೆಟ್ ಹಬ್ಬಿನಲ್ಲಿ (ಹಲ್ಲುಗಾಲಿಗಳು ತಿರುಪಿಲ್ಲದೆ ಜಾರಿ ಕೂರುವ ಬಗೆಯಲ್ಲಿ) ಬಲಗಡೆಯ ಬೇರಿಂಗ್ ಹೊರತುದಿಗೆ ಹತ್ತಿರ ಇರುವುದರಿಂದ ಆಕ್ಸಲ್ ಬಗ್ಗುವ ಭಯ ಕಡಿಮೆ. 126 ಮಿ.ಮೀ. ಫ್ರೀವೀಲ್ ಹಬ್ಬುಗಳ ಮುಖ್ಯ ಕಾಯಿಲೆಯೇ ಆಕ್ಸಲ್ ಬಗ್ಗುವುದು ಅಥವಾ ಮುರಿಯುವುದು. ಭಾರ ಇರುವ ಸವಾರರು ಇದನ್ನು ಗಮನಿಸಿ.

ರಿಮ್ ಬ್ರೇಕಿನ ಹೊಸ ರಸ್ತೆ ಚಕ್ರ ಕೂರಿಸಲು 130 ಮಿ.ಮೀ. ಬೇಕು. ಫ್ರೇಮು 126 ಆದರೆ ಕೈಯಲ್ಲಿ ಸ್ವಲ್ಪ ಅಗಲಿಸಿ ಕೂರಿಸಬಹುದು. 120 ಆದರೆ ಉಕ್ಕನ್ನು ಬಗ್ಗಿಸಿ ಅಗಲ ಮಾಡಬೇಕು, ಆಮೇಲೆ ಎರಡೂ ಬದಿ ನೇರ ಇದೆಯಾ ಅಂತ ನೋಡಬೇಕು. 531 ಇದನ್ನು ತಡೆದುಕೊಳ್ಳುತ್ತದೆ. ರೆನಾಲ್ಡ್ಸ್ 753 ಥರದ ತೆಳ್ಳಗಿನ ಬಲಿಷ್ಠ ಕೊಳವೆಗೆ ಮಾತ್ರ ಈ ಕೆಲಸ ಮಾಡಬೇಡಿ. ಬ್ರೇಕಿನಲ್ಲೂ ಒಂದು ತೊಡಕಿದೆ. ಹೊಸ ಬ್ರೇಕಿನ ನಟ್ಟು ಫ್ರೇಮಿನ ಒಳಗೆ ಹುದುಗುತ್ತದೆ, ಹಳೇ ಫ್ರೇಮಿನಲ್ಲಿ ನಟ್ಟು ಹೊರಗಿರುತ್ತದೆ. ಹೊಂದಿಸಲು ಫೋರ್ಕಿನ ಹಿಂಬದಿ ತೂತು ದೊಡ್ಡದು ಮಾಡಬೇಕಾಗುತ್ತದೆ. ಅಪರೂಪದ ಫ್ರೇಮಾದರೆ ನಾನು ಡ್ರಿಲ್ ಮುಟ್ಟುವುದಿಲ್ಲ, ಹೊರಗಿನ ನಟ್ಟಿನ ಬ್ರೇಕನ್ನೇ ಹುಡುಕುತ್ತೇನೆ.

ಖರ್ಚು ಕಡಿಮೆ ಅಂತ ಈ ದಾರಿಗೆ ಬರುವವರು ಒಮ್ಮೆ ಕೂಡಿಸಿ ನೋಡಿ. ಚಕ್ರ, ಬ್ರೇಕು, ಲಿವರು, ಕ್ರ್ಯಾಂಕು ಎಲ್ಲ ಹೊಸದಾದರೆ ಡಬ್ಬಿಯಲ್ಲಿರುವ ಭಾಗಗಳಿಗೆ ಕೆಲಸವೇ ಇಲ್ಲ. ಕೂಡಿಟ್ಟದ್ದರಿಂದ ಕಟ್ಟಬೇಕು ಅಂತ ಹೊರಟವರಿಗೆ ಇದು ಸ್ವಲ್ಪ ನಿರಾಸೆ ತರುವ ದಾರಿ.

ದಾರಿ ನಾಲ್ಕು: ಗೇರು ಕಡಿಮೆ

ಒಂದೇ ಗೇರು, ಇಲ್ಲವೇ ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಥರದ ಮೂರು ಗೇರಿನ ಹಬ್ಬು. ಇದನ್ನು ಬಡವರ ಆಯ್ಕೆ ಅಂತ ಪಕ್ಕಕ್ಕೆ ತಳ್ಳುವವರು ಲೆಕ್ಕ ಮಾಡಿರುವುದಿಲ್ಲ. ಎಡಬ್ಲ್ಯೂ ಹಬ್ಬಿನ ಕೆಳ ಗೇರು ನಡುವಿನದಕ್ಕಿಂತ ಶೇ. 25 ಹಗುರ, ಮೇಲಿನದು ಶೇ. 33 ಭಾರ. ಮುಂದೆ 46, ಹಿಂದೆ 20 ಹಾಕಿದರೆ ಕೆಳ ಗೇರು 1.72 ಬರುತ್ತದೆ. ಮೇಲೆ ಹೇಳಿದ ಹತ್ತು ಗೇರಿನ ರೇಸ್ ಸೈಕಲ್ಲಿನ ಅತಿ ಹಗುರ ಗೇರು 1.75! ನಡುವಿನ ಮೆಟ್ಟಿಲು ದೊಡ್ಡದು, ಹಬ್ಬು ತೂಕ, ಅದು ನಿಜ. ಆದರೆ ನಿಂತಲ್ಲೇ ಗೇರು ಬದಲಿಸಬಹುದು, ಮಳೆ ಕೆಸರಿನ ಕಾಟ ಕಡಿಮೆ. ಕೇಬಲ್ ಮಾತ್ರ ಸರಿಯಾಗಿ ಬಿಗಿದಿರಬೇಕು. ಹಳೇ ಎಡಬ್ಲ್ಯೂ ಹಬ್ಬಿನಲ್ಲಿ ಎರಡು ಮತ್ತು ಮೂರರ ನಡುವೆ ಗೇರು ಸಿಗದ ಜಾಗ ಇದೆ. ನಿಂತು ತುಳಿಯುವಾಗ ಅಲ್ಲಿ ಸಿಕ್ಕಿಕೊಂಡರೆ ಪೆಡಲ್ ಸುಮ್ನೆ ತಿರುಗಿ ನೀವು ಮುಂದಕ್ಕೆ ಬೀಳುತ್ತೀರಿ.

ಈ ದಾರಿಗೆ ಒಂದೇ ಷರತ್ತು: ಹಿಂದಿನ ಚಕ್ರವನ್ನು ಹಿಂದೆ ಮುಂದೆ ಸರಿಸಿ ಚೈನು ಬಿಗಿಯುವಂತೆ ಡ್ರಾಪ್‌ಔಟ್ (ಆಕ್ಸಲ್ ಕೂರುವ ಕಚ್ಚು) ಅಡ್ಡಡ್ಡ ಇರಬೇಕು. ಕೆಟ್ಟ ಫ್ರೆಂಚ್ ಡಿರೇಲರುಗಳ ಕಾಟದಿಂದ ಬೇಸತ್ತವರಿಗೆ, ಬಿಡಿಭಾಗ ಕಡಿಮೆ ಇರುವವರಿಗೆ, ದುಡ್ಡು ತೀರಾ ಕಡಿಮೆ ಇರುವವರಿಗೆ ಇದು ಒಳ್ಳೇ ದಾರಿ.

ಯಾವ ದಾರಿಯಾದರೂ ಚಕ್ರದ ಮಾತು

ಹಳೇ ಸೈಕಲ್ ಬಹಳಷ್ಟು 27 ಇಂಚಿನವು. ಅದರ ರಿಮ್ಮಿನ ಅಳತೆ 630 ಮಿ.ಮೀ., ಈಗಿನ 700ಸಿ ಅಂದರೆ 622. ಟೈರಿನ ಆಯ್ಕೆ 622ರಲ್ಲೇ ಜಾಸ್ತಿ. ಬದಲಾಯಿಸಿದರೆ ಬ್ರೇಕಿನ ರಬ್ಬರು 4 ಮಿ.ಮೀ. ಕೆಳಗೆ ಹೋಗಬೇಕು. ಮಫಾಕ್ ಅಥವಾ ವೈನ್‌ಮನ್ ಥರದ ಉದ್ದ ತೋಳಿನ ಸೆಂಟರ್‌ಪುಲ್ (ಕೇಬಲ್ಲು ನಡುವಿನಿಂದ ಎಳೆಯುವ) ಬ್ರೇಕಿಗೆ ಇದು ಸಾಮಾನ್ಯವಾಗಿ ಏನೂ ಅಲ್ಲ. ಗಿಡ್ಡ ತೋಳಿನ ಬ್ರೇಕಿದ್ದರೆ ಮೊದಲು ಅಳೆಯಿರಿ. ಟ್ಯೂಬುಲರ್ ಚಕ್ರಕ್ಕೆ ಮಾಡಿದ ಫ್ರೇಮಾದರೆ 700ಸಿ ನೇರವಾಗಿ ಕೂರುತ್ತದೆ. ಹಳೇ ಇಂಗ್ಲಿಷ್ ಹಬ್ಬುಗಳಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುವುದು ರೂಢಿ. ಹಬ್ಬು ಎಷ್ಟೇ ಚೆಂದ ಇದ್ದರೂ 40 ತೂತಿನ ರಿಮ್ಮು ಕೈಯಲ್ಲಿ ಇಲ್ಲದೆ ಕೊಳ್ಳಬೇಡಿ. ಇನ್ನು ಕ್ರೋಮ್ ಉಕ್ಕಿನ ರಿಮ್ಮು. ಮಳೆಯಲ್ಲಿ ಬ್ರೇಕ್ ಹಿಡಿದರೆ ಅದು ಕೇಳಿಸಿಕೊಳ್ಳುವುದೇ ಇಲ್ಲ. ಓಡಿಸುವ ಸೈಕಲ್ಲಿಗೆ ಅಲ್ಯೂಮಿನಿಯಂ ರಿಮ್ಮೇ ಹಾಕಿ.

ಹಾಗಾದರೆ ಯಾರಿಗೆ ಯಾವುದು?

ಫ್ರೇಮಿನ ಮೇಲೆ ಒಳ್ಳೇ ಹೆಸರಿದೆ, ಮೂಲ ಬಣ್ಣ ಉಳಿದಿದೆ, ನಿಮಗೆ ಅವಸರವಿಲ್ಲ, ರಸ್ತೆ ಸಮತಟ್ಟು: ಮೊದಲನೇ ದಾರಿ. ಅರ್ಧ ಭಾಗ ಸಿಕ್ಕಿ ಅರ್ಧ ಸಿಗದೆ ನಿಂತಿದ್ದರೆ ಸದ್ಯಕ್ಕೆ ಬೆರಕೆ ಮಾಡಿ ಓಡಿಸುತ್ತಿರಿ, ಸಿಕ್ಕಾಗ ಬದಲಿಸಿ. ಎರಡನೆಯದರಿಂದ ಮೊದಲನೆಯದಕ್ಕೆ ಯಾವಾಗ ಬೇಕಾದರೂ ಹೋಗಬಹುದು.

ಫ್ರೇಮಿಗೆ ಈಗಾಗಲೇ ಯಾರೋ ಬಣ್ಣ ಬಳಿದಿದ್ದಾರೆ, ಇಸವಿ ಖಚಿತ ಇಲ್ಲ, ಥ್ರೆಡ್ ಇಂಗ್ಲಿಷ್, ಆಗಾಗ ಏರು ಬರುತ್ತದೆ: ಬೆರಕೆ ಬಿಟ್ಟು ಬೇರೆ ಯೋಚನೆ ಬೇಡ. 120 ಮಿ.ಮೀ. ಫ್ರೇಮು, ಅಡ್ಡ ಡ್ರಾಪ್‌ಔಟ್, ಊರೊಳಗಿನ ಓಡಾಟ ಅಂದರೆ ಮೂರು ಗೇರಿನ ಹಬ್ಬು. 126ರ ಇಂಗ್ಲಿಷ್ ಅಥವಾ ಇಟಾಲಿಯನ್ ಫ್ರೇಮು, ದಿನಕ್ಕೆ ಬಹಳ ದೂರದ ಸವಾರಿ, ಭಾರದ ಸವಾರ ಅಂದರೆ ಹೊಸ ಭಾಗ. ಫ್ರೆಂಚ್ ಫ್ರೇಮು ಬರೀ ಫ್ರೇಮಾಗಿ ಬಂದಿದ್ದರೆ ಮೊದಲು ಬಾಟಮ್ ಬ್ರಾಕೆಟ್ಟು, ಹೆಡ್‌ಸೆಟ್ಟು (ಫೋರ್ಕು ತಿರುಗುವ ಬೇರಿಂಗ್ ಜೋಡಿ) ಎರಡೂ ಕೈಗೆ ಬರಲಿ. ಅಲ್ಲಿಯವರೆಗೆ ಬೇರೆ ಏನನ್ನೂ ಕೊಳ್ಳಬೇಡಿ. ಅವೆರಡೂ ಸಿಕ್ಕಿದ ಮೇಲೆ ಚಕ್ರ, ಚಕ್ರ ಕೂತ ಮೇಲೆ ಬ್ರೇಕು, ಆಮೇಲೆ ಕ್ರ್ಯಾಂಕು. ಡಿರೇಲರು ಕೊನೆಗೆ, ಹ್ಯಾಂಡಲ್ ಟೇಪಿನ ಬಣ್ಣದ ಜಗಳ ಅದಕ್ಕೂ ಕೊನೆಗೆ.